ಪದ ಬೇಕಾಗಿದೆ: ರೋಟಿಫರ್‌ನ ‘ಮಾಸ್ಟಾಕ್ಸ್’

ಮಾನ್ಯರೇ,

ಸೂಕ್ಷ್ಮದರ್ಶಕದ ಪಕ್ಕದಲ್ಲಿ ತೂಗುಹಾಕುವ ಚಿತ್ರಪಟವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ವಿಷಯ ಸಿಹಿನೀರಿನ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿ. ತಲೆಯ ಮೇಲಿನ ಲೋಮಾಂಗಗಳ (ಬಡಿಯುವ ಕೂದಲಿನಂಥ ಎಳೆಗಳ) ಸುತ್ತಿಗೆ ‘ಕಿರೀಟ’, ಅಂಟುಗ್ರಂಥಿಗಳಿರುವ ಹಿಂತುದಿಗೆ ‘ಪಾದ’ ಎಂದು ಬರೆದಿದ್ದೇನೆ. ತೊಡಕಾಗಿರುವುದು ಮಾಸ್ಟಾಕ್ಸ್. ಬಾಯಿಯ ಹಿಂದೆ ಇರುವ ಸ್ನಾಯುಮಯ ಗಂಟಲು ಅದು. ಒಳಗೆ ಗಡುಸಾದ ಪುಟ್ಟ ದವಡೆಗಳಿವೆ. ಮೈ ಪಾರದರ್ಶಕವಾದ್ದರಿಂದ ಪ್ರಾಣಿ ಜೀವಂತವಿರುವಾಗಲೇ ಅವು ಮಿಡುಕುವುದು ಹೊರಗಿನಿಂದ ಕಾಣುತ್ತದೆ. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಒಂದೇ ಪದ ಕೊಡಿ, ಜಾಗ ಕಿರಿದು.

ಉತ್ತರ 1

ಅರೆಗಂಟಲು, ಅಂದರೆ ಅರೆಯುವ ಗಂಟಲು. ಬೀಸುಕಲ್ಲು, ಕಡೆಗೋಲು ಆದ ಹಾಗೆಯೇ. ಮಾಸ್ಟಾಕ್ಸ್ ಎಂದರೆ ಗ್ರೀಕಿನಲ್ಲಿ ಜಗಿಯುವ ಬಾಯಿ, ದವಡೆ. ಅವರಿಗೆ ಮನೆಮಾತಾಗಿದ್ದುದು ನಮಗೇಕೆ ಕಗ್ಗವಾಗಬೇಕು? ಹಾಗೆಯೇ ಕಿರೀಟ, ಪಾದ, ಲೋಮಾಂಗಗಳನ್ನೂ ಕೈಬಿಡಿ. ಮುಡಿ, ಅಡಿ, ನವಿರು ಇರುವಾಗ ಸಂಸ್ಕೃತದ ಹೊರೆ ಬೇಡ. ರೋಟಿಫರನ್ನು ತಿಗುರಿಹುಳು ಎನ್ನಿ, ಕುಂಬಾರನ ತಿಗುರಿಯಂತೆ ತಿರುಗುವ ತಲೆ ಅದರದು.

ಉತ್ತರ 2

ತಲೆ ತಿರುಗುವುದಿಲ್ಲ. ಲೋಮಾಂಗಗಳು ಒಂದರ ಹಿಂದೊಂದು ಬಾಗಿ ಏಳುವುದರಿಂದ ಚಕ್ರ ಸುತ್ತಿದಂತೆ ತೋರುತ್ತದೆ, ಅಷ್ಟೆ. ನೀರನ್ನು ಸೆಳೆದು ಪಾಚಿಯ ಕಣ, ಬ್ಯಾಕ್ಟೀರಿಯಾಗಳನ್ನು ಬಾಯಿಗೆ ತರುವುದು ಆ ಬಡಿತದ ಕೆಲಸ. ಕೊಲೊತೀಕ ಎಂಬ ರೋಟಿಫರಿನಲ್ಲಿ ಅದೂ ಇಲ್ಲ. ಅದರ ಕಿರೀಟ ಆಲಿಕೆಯಾಗಿ ಅರಳಿ, ಉದ್ದನೆಯ ಬಿರುಗೂದಲುಗಳ ನಡುವೆ ಬೇಟೆ ತಾನಾಗಿ ಬರುವುದನ್ನು ಕಾಯುತ್ತದೆ.

‘ಅರೆಗಂಟಲು’ ಎಂದರೆ ಓದುವವನಿಗೆ ಅರ್ಧ ಗಂಟಲು. ಅರೆನಿದ್ರೆ, ಅರೆಮನಸ್ಸು ಬಳಸುವವರಿಗೆ ಅರೆಯುವುದು ಹೊಳೆಯುವುದು ಹೇಗೆ? ಹೊಳೆದರೂ ಪದ ನಿಲ್ಲದು. ರೋಟಿಫರುಗಳಲ್ಲೇ ಫಿಲೊಡೀನ ಅರೆಯುತ್ತದೆ, ಸರಿ. ಆಸ್ಪ್ಲಾಂಕ್ನ ದವಡೆಯನ್ನು ಹೊರಚಾಚಿ, ಬೇರೆ ರೋಟಿಫರನ್ನು ಹಿಡಿದು ಇಡಿಯಾಗಿ ನುಂಗುತ್ತದೆ. ಸಿಂಕೀಟ ಚುಚ್ಚಿ ಹೀರುತ್ತದೆ. ‘ದವಡೆಗಂಟಲು’ ಎಂದು ಹಾಕಿ, ಮೂರಕ್ಕೂ ಸಲ್ಲುತ್ತದೆ. ಕಿರೀಟ ಹಾಗೆಯೇ ಇರಲಿ. ಅದು ಎಳೆಯ ಮಗುವಿಗೂ ತಿಳಿದ ಮಾತು, ಮುಡಿ ಎಂದರೆ ಎಲ್ಲರೂ ತುರುಬನ್ನೇ ನೆನೆಯುತ್ತಾರೆ.

ಉತ್ತರ 3

ಮುಡಿ ಎಂದರೆ ಕಿರೀಟವೂ ಹೌದು, ನಿಘಂಟು ತೆರೆದು ನೋಡಿ. ಬಳಸದೆ ಬಿಟ್ಟು, ಆಮೇಲೆ ಬಳಕೆಯಲ್ಲಿಲ್ಲ ಎಂದು ದೂರುವುದು ನ್ಯಾಯವಲ್ಲ. ದವಡೆಗಂಟಲಿಗೆ ನನ್ನ ತಕರಾರಿಲ್ಲ, ಅಚ್ಚಿಗೆ ಕಳುಹಿಸಿ. ಲೋಮಾಂಗಕ್ಕೆ ಇದೆ. ಅದು ಪಠ್ಯಪುಸ್ತಕದಲ್ಲಿದೆ ಎಂದು ಯಾರಾದರೂ ಹೇಳಿದರೆ, ಅದನ್ನು ನಾನು ವಾದವೆಂದು ಒಪ್ಪುವುದಿಲ್ಲ.