ಉಣ್ಣೆ ಕಿತ್ತು ಕಿತ್ತು ಸಾಕಾಯ್ತು, ಮನೆಯಲ್ಲಿ ಬೆಕ್ಕೂ ಇದೆ

ಕರಿಯನ ಮನೆ, ಸಾಗರ:
ನಮ್ಮ ಕರಿಯ ಊರ ನಾಯಿ, ಎರಡು ವರ್ಷ. ದನಗಳ ಜೊತೆ ಬ್ಯಾಣ (ಹುಲ್ಲುಗಾವಲು) ಸುತ್ತಿ ಬರುತ್ತಾನೆ. ಸಂಜೆ ಜಗಲಿಯಲ್ಲಿ ಕೂತು ಅವನ ಮೈಗೆ ಕಚ್ಚಿಕೊಂಡ ಉಣ್ಣೆ ಹುಳು ಕೀಳುವುದೇ ನನ್ನ ಕೆಲಸ. ನಿನ್ನೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಸೇರಿ 31 ಸಿಕ್ಕವು. ಅತ್ತೆ ಹೇಳಿದರು ಅಂತ ಬೇವಿನ ಎಣ್ಣೆ ಹಚ್ಚಿದೆ. ಅದನ್ನು ಅವನು ಜಮಖಾನಕ್ಕೆಲ್ಲ ಒರೆಸಿದ, ಉಣ್ಣೆಗಳು ಆರಾಮಾಗಿದ್ದವು. ಈಗ ಜಗಲಿಯ ಗೋಡೆಯನ್ನೂ ಹತ್ತುತ್ತಿವೆ.

ಪೇಟೆಯ ಅಂಗಡಿಯವರು ಕತ್ತಿನ ಮೇಲೆ ಬಿಡುವ ಹನಿ ಔಷಧಿ ಕೊಟ್ಟಿದ್ದಾರೆ, ಇನ್ನೂ ತೆರೆದಿಲ್ಲ. ಬೆಕ್ಕು ಚಿನ್ನಿಗೂ ಚಿಗಟ ಆಗಿದೆ, ಹಗಲು ಅವಳು ಮಲಗುವುದೇ ಕರಿಯನ ಹೊಟ್ಟೆಗೆ ಒರಗಿ. ಇಬ್ಬರಿಗೂ ಅರ್ಧರ್ಧ ಹಾಕಬಹುದಾ? ಈ ಉಣ್ಣೆಯಿಂದ ಮಂಗನ ಕಾಯಿಲೆ ಬಂದೀತು ಅಂತ ಮಾವನವರಿಗೆ ಬೇರೆ ಭಯ.

ಹಳ್ಳಿ ಹೈದ, ಮಂಡ್ಯ:
ಊದುಬತ್ತಿ ಹಚ್ಚಿ ಉಣ್ಣೆ ಬೆನ್ನಿಗೆ ಮುಟ್ಟಿಸಿ ಅಕ್ಕಾ, ತಾನೇ ಬಿಟ್ಟು ಬೀಳುತ್ತೆ. ನಮ್ಮ ತಾತ ಹಾಗೇ ಮಾಡುತ್ತಿದ್ದರು.

ಮೂರು ಬಾಲ, ಧಾರವಾಡ:
ಅಕ್ಕಾ, ಊದುಬತ್ತಿ ಆಮೇಲೆ. ಮೊದಲು ಆ ಡಬ್ಬಿ ತಿರುಗಿಸಿ ನೋಡಿ. ‘ಪರ್ಮೆಥ್ರಿನ್’ ಅಂತ ಇದ್ದರೆ ಚಿನ್ನಿಗೆ ಒಂದು ಹನಿಯೂ ಬೇಡ. ನಾಯಿಗೆ ಒಗ್ಗುವ ಈ ಔಷಧಿ ಬೆಕ್ಕಿಗೆ ವಿಷ, ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ನಾನು ಗೊತ್ತಿಲ್ಲದೆ ನಾಯಿಗೆ ಹಾಕಿದ ರಾತ್ರಿ ನಮ್ಮ ಬೆಕ್ಕು ಅದರ ಬೆನ್ನು ನೆಕ್ಕಿತ್ತು. ಬೆಳಗ್ಗೆ ಕಿವಿ ಅದುರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ನಡುಕ. ಎರಡು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಕೊಟ್ಟ ಅಂಗಡಿಯವರು ‘ಮನೆಯಲ್ಲಿ ಬೆಕ್ಕಿದೆಯಾ’ ಅಂತ ಒಂದು ಮಾತು ಕೇಳಿರಲಿಲ್ಲ.

ಉಣ್ಣೆ ಗೋಡೆ ಹತ್ತುತ್ತಿವೆ ಅಂದಿರಲ್ಲ, ಸುಳಿವು ಅದೇ. ಅವು ನಾಯಿಯ ಕಂದು ಉಣ್ಣೆ ಇರಬೇಕು. ಬ್ಯಾಣದಿಂದ ಬಂದವಲ್ಲ, ನಿಮ್ಮ ಜಗಲಿಯಲ್ಲೇ ಹುಟ್ಟಿದವು. ಹೆಣ್ಣು ರಕ್ತ ಕುಡಿದು ಹುಣಸೆಬೀಜದಂತೆ ಉಬ್ಬಿ ಕೆಳಗೆ ಬೀಳುತ್ತದೆ. ಆಮೇಲೆ ಗೋಡೆಯ ಬಿರುಕು ಹುಡುಕಿ ನಾಲ್ಕು ಸಾವಿರದಷ್ಟು ಮೊಟ್ಟೆ ಇಡಬಲ್ಲದು. ನೀವು ಕಿತ್ತ 31ರ ಲೆಕ್ಕ ಎಲ್ಲಿಗೆ ಸಾಕು? ಬಿರುಕುಗಳಿಗೆ ಸಿಮೆಂಟ್ ಮೆತ್ತಿಸಿ, ಕರಿಯ ಮಲಗುವ ಗೋಣಿಚೀಲ ಸುಟ್ಟುಬಿಡಿ.

ಕರಿಯನಿಗೆ ತಿನ್ನಿಸುವ ಮಾತ್ರೆ ಒಳ್ಳೆಯದು, ಬೆಕ್ಕು ನೆಕ್ಕಿದರೂ ತೊಂದರೆ ಇಲ್ಲ. ಅಫಾಕ್ಸೊಲನರ್ ಆದರೆ ತಿಂಗಳಿಗೊಂದು, ಫ್ಲೂರಲನರ್ ಸುಮಾರು 12 ವಾರ ಬರುತ್ತದೆ. ತೂಕ ನೋಡಿ ಕೊಡಬೇಕು. ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಉಣ್ಣೆ ಕಚ್ಚಿದ ಮೇಲೇ ಸಾಯುವುದು, ಹಾಗಾಗಿ ಮೈಮೇಲೆ ಒಂದೆರಡು ಕಂಡರೆ ಮಾತ್ರೆ ಸುಳ್ಳು ಅನ್ನಬೇಡಿ.

ಮಂಡ್ಯದ ಅಣ್ಣಾ, ಸುಡಬೇಡಿ. ಉಣ್ಣೆ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೇ ಕಕ್ಕಬಹುದು, ನಾಯಿಯ ಚರ್ಮವೂ ಸುಡುತ್ತದೆ. ಪ್ಲಕ್ಕರ್‌ನಿಂದ ಬುಡದಲ್ಲೇ ಹಿಡಿದು ನೇರ ಎಳೆದರೆ ಮುಗಿಯಿತು.

ಕರಿಯ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಅದು ಉಣ್ಣೆ ಜ್ವರ ಇರಬಹುದು. ನಮ್ಮ ಮುದಿ ನಾಯಿಗೆ ಬಂದಾಗ 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟೆವು.

ಅಡಿಕೆ ತೋಟ, ಸೊರಬ:
ಮಾವನವರ ಭಯ ಸುಮ್ನೆ ಅಲ್ಲ. 1957ರಲ್ಲಿ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ಅದನ್ನು ಹೆಚ್ಚಾಗಿ ಹರಡುವುದು ಕಾಡಿನ ಉಣ್ಣೆ, ಗೋಡೆ ಹತ್ತುವ ಈ ಜಾತಿ ಅಲ್ಲ. ಕಾಡಿನದನ್ನೂ ನಾಯಿ ಮೈಮೇಲೆ ಹೊತ್ತು ತರಬಹುದು. ನಾವು ಚಳಿಗಾಲದಿಂದ ಮಳೆ ಹಿಡಿಯುವ ತನಕ ನಾಯಿಯನ್ನು ಕಾಡಿಗೆ ಬಿಡುವುದಿಲ್ಲ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ.

ಇನ್ನೊಂದು, ಚಿನ್ನಿಯ ಬಾಲದ ಬುಡ ನೋಡಿ. ಅಕ್ಕಿಕಾಳಿನಂಥವು ಅಂಟಿದ್ದರೆ ಲಾಡಿಹುಳು. ಮೈ ನೆಕ್ಕುವಾಗ ಚಿಗಟ ನುಂಗಿದರೆ ಬರುತ್ತದೆ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು. ಚಿಗಟ ಹೋಗದಿದ್ದರೆ ಹುಳು ಮತ್ತೆ ಬರುತ್ತದೆ.

ಕರಿಯನ ಮನೆ, ಸಾಗರ:
ಡಬ್ಬಿ ನೋಡಿದೆ. ಪರ್ಮೆಥ್ರಿನ್ನೇ! ವಾಪಸ್ ಕೊಟ್ಟು ಬಂದೆ. ಕರಿಯನನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿದೆವು, 17 ಕೆಜಿ. ನಾಳೆ ಇಬ್ಬರನ್ನೂ ಪಶು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಚಿನ್ನಿಯ ಬಾಲದ ಬುಡದಲ್ಲಿ ಅಕ್ಕಿಕಾಳೂ ಇದೆ. ಅತ್ತೆಗೆ ಇನ್ನೂ ಹೇಳಿಲ್ಲ, ರಾತ್ರಿ ಚಿನ್ನಿ ಮಲಗುವುದು ಅವರ ಹಾಸಿಗೆಯಲ್ಲಿ.