ನಿಲ್ಲಿಸಿಟ್ಟ ಹಳೆ ಇವಿಯ ಚಾರ್ಜ್ ಎಲ್ಲಿಗೆ ಹೋಗ್ತದೆ?

ಪ್ರಶ್ನೆ (ಸುರತ್ಕಲ್): ಸರ್, 2020ರ ಎಲೆಕ್ಟ್ರಿಕ್ ಕಾರು, 30 ಯೂನಿಟ್ ಬ್ಯಾಟರಿ, ಕೂಲೆಂಟ್ ಹರಿಯುವ ಮಾದರಿ. ಹತ್ತು ದಿನ ಅಂಗಳದಲ್ಲಿ ಲಾಕ್ ಮಾಡಿಟ್ಟದ್ದಕ್ಕೆ ಶೇ. 72 ಇದ್ದದ್ದು 64 ಆಗಿದೆ. ಮೊದಲೆಲ್ಲ ಒಂದೋ ಎರಡೋ ಇಳಿಯುತ್ತಿತ್ತು. ಬ್ಯಾಟರಿ ಮುಗಿಯಿತು ಅಂತ ಲೆಕ್ಕವಾ? ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಗುಂಯ್ ಅಂತ ಶಬ್ದ ಉಂಟು. ಅದೇ ಚಾರ್ಜ್ ಕುಡಿಯುವುದಾ?

ಉತ್ತರ (ಇವಿ ಟೆಕ್ನಿಷಿಯನ್): ಮೊದಲು ಲೆಕ್ಕ ಹಾಕುವ. 30 ಯೂನಿಟಿನಲ್ಲಿ ಶೇ. 8 ಅಂದರೆ 2.4 ಯೂನಿಟ್. ಹತ್ತು ದಿನಕ್ಕೆ 240 ಗಂಟೆ. ಭಾಗಿಸಿದರೆ 10 ವ್ಯಾಟ್, ಒಂದು ಎಲ್‌ಇಡಿ ಬಲ್ಬ್ ಹಗಲು ರಾತ್ರಿ ಉರಿದ ಹಾಗೆ. ಲೈಟ್, ಲಾಕ್, ಕಂಟ್ರೋಲ್ ಯೂನಿಟ್‌ಗಳನ್ನು ನಡೆಸುವ ಸಣ್ಣ 12 ವೋಲ್ಟ್ ಬ್ಯಾಟರಿಯ ಕಡೆಯಿಂದ ನೋಡಿದರೆ ಸುಮಾರು 0.8 ಆಂಪಿಯರ್. ಮಲಗಿದ ಕಾರು ಎಳೆಯಬೇಕಾದದ್ದು 20ರಿಂದ 50 ಮಿಲಿ ಆಂಪಿಯರ್ ಮಾತ್ರ. 50 ಅಂತಲೇ ಹಿಡಿದರೂ ಹತ್ತು ದಿನಕ್ಕೆ 0.15 ಯೂನಿಟ್ ಆಗುವುದಿಲ್ಲ. ಹಾಗಾಗಿ ದೊಡ್ಡ ಬ್ಯಾಟರಿಯನ್ನು ಬೈಯುವ ಮೊದಲು, ಕಾರನ್ನು ಮಲಗಲು ಬಿಡದೆ ಇರುವುದು ಯಾರು ಅಂತ ಹುಡುಕಿ.

ನನ್ನ ಮೊದಲ ಅನುಮಾನ ಸಣ್ಣ 12 ವೋಲ್ಟ್ ಬ್ಯಾಟರಿ ಮೇಲೆ. ಅದು ಹಳತಾಗಿ ಚಾರ್ಜ್ ಹಿಡಿಯದೆ ಇದ್ದರೆ ಹಲವು ಕಾರುಗಳು ಆಗಾಗ ಎದ್ದು ದೊಡ್ಡದರಿಂದ ಅದಕ್ಕೆ ತುಂಬಿಸುತ್ತವೆ. ಪ್ರತಿ ಸಲ ಕಾಂಟ್ಯಾಕ್ಟರ್ (ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್) ಟಕ್ ಅನ್ನುತ್ತದೆ, ಅಷ್ಟೂ ಕಂಟ್ರೋಲ್ ಯೂನಿಟ್‌ಗಳು ಎದ್ದು ಕೂರುತ್ತವೆ. ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಸರಿ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಬಹುತೇಕ ಖಾಲಿ; ಚಾರ್ಜ್ ಮಾಡಿದರೂ ಹಿಡಿಯದಿದ್ದರೆ ಬದಲಿಸಿ.

ಅದು ಸರಿ ಇದ್ದರೆ ಹೀಗೆ ಅಳೆಯಿರಿ. ಬಾನೆಟ್ ತೆರೆದೇ ಇರಲಿ, ಲಾಚನ್ನು ಮಾತ್ರ ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತನ್ನಿ. ಲಾಕ್ ಮಾಡಿ, ಕೀಯನ್ನು ದೂರ ಇಟ್ಟು, 40 ನಿಮಿಷ ಬಿಡಿ. ಆಮೇಲೆ ಡಿಸಿ ಕ್ಲ್ಯಾಂಪ್ ಮೀಟರನ್ನು ಸಣ್ಣ ಬ್ಯಾಟರಿಯ ನೆಗೆಟಿವ್ ವೈರಿಗೆ ಹಾಕಿ. 50 ಮಿಲಿ ಆಂಪಿಯರಿಗಿಂತ ಹೆಚ್ಚು ಕಂಡರೆ ಫ್ಯೂಸ್ ಕೀಳಬೇಡಿ. ಕಿತ್ತು ಹಾಕಿದರೆ ಮಲಗಿದ್ದ ಕಂಟ್ರೋಲ್ ಯೂನಿಟ್ ಎದ್ದು ರೀಡಿಂಗ್ ಕೆಡ್ತದೆ. ಫ್ಯೂಸಿನ ತಲೆ ಮೇಲೆ ಎರಡು ಲೋಹದ ಚುಕ್ಕಿಗಳಿವೆ, ಮಲ್ಟಿಮೀಟರನ್ನು ಮಿಲಿವೋಲ್ಟಿನಲ್ಲಿಟ್ಟು ಅಲ್ಲಿ ಮುಟ್ಟಿಸಿ. ಸೊನ್ನೆ ಅಲ್ಲದ್ದು ಬಂದ ಕಡೆ ಕರೆಂಟ್ ಹರಿತಾ ಉಂಟು. ಹೆಚ್ಚಾಗಿ ಸಿಕ್ಕಿಬೀಳುವುದು ಹೊರಗೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್. ಮೊಬೈಲಿನ ಆ್ಯಪ್ ತೆರೆದು ತೆರೆದು ನೋಡುವುದೂ ಕಾರನ್ನು ಎಬ್ಬಿಸುವುದೇ, ಮಾರಾಯ್ರೆ!

ಇನ್ನೊಂದು ಸಾಧ್ಯತೆ: ಹಳೆ ಪ್ಯಾಕಿನಲ್ಲಿ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್) ಚಾರ್ಜ್ ಎಷ್ಟಿದೆ ಎಂಬ ತನ್ನ ಅಂದಾಜನ್ನು ದೀರ್ಘ ವಿಶ್ರಾಂತಿಯ ನಂತರ ತಿದ್ದಿಕೊಳ್ಳುತ್ತದೆ. ಒಮ್ಮೆಗೇ ಇಳಿದು ನಿಂತರೆ ತಿದ್ದುಪಡಿ. ದಿನಾ ಒಂದೇ ಹದದಲ್ಲಿ ಇಳಿದರೆ ನಿಜವಾದ ಸೋರಿಕೆ.

ಗುಂಯ್ ಶಬ್ದ ಕೂಲೆಂಟ್ ಪಂಪ್ ಮತ್ತು ಫ್ಯಾನಿನದ್ದು. ಎರಡೂ ಸೇರಿ 200 ವ್ಯಾಟ್ ಅಂತ ಇಟ್ಟುಕೊಂಡರೂ ಅರ್ಧ ಗಂಟೆಗೆ 0.1 ಯೂನಿಟ್. ಕಳ್ಳ ಅದಲ್ಲ. ಆದರೆ ಮೊದಲಿಗಿಂತ ಹೆಚ್ಚು ಹೊತ್ತು ಓಡ್ತಾ ಉಂಟಾ? ಕಾರಣ ಉಂಟು. ಬ್ಯಾಟರಿ ಹಳತಾದಂತೆ ಒಳಗಿನ ರೆಸಿಸ್ಟೆನ್ಸ್ ಏರ್ತದೆ. 100 ಆಂಪಿಯರ್ ಎಳೆಯುವಾಗ 0.1 ಓಮ್ ಇದ್ದರೆ 1000 ವ್ಯಾಟ್ ಬಿಸಿ, 0.15 ಓಮ್ ಆದರೆ 1500. ಮೇಲಿಂದ ನಮ್ಮ ಕರಾವಳಿಯ ಉಪ್ಪುಗಾಳಿ ರೇಡಿಯೇಟರಿನ ತೆಳು ಅಲ್ಯೂಮಿನಿಯಂ ಫಿನ್‌ಗಳನ್ನು ಪುಡಿ ಪುಡಿ ಮಾಡ್ತದೆ. ಟಾರ್ಚ್ ಹಾಕಿ ನೋಡಿ. ತೊಳೆಯುವುದಾದರೆ ಸಾದಾ ಪೈಪಿನ ನೀರು ಸಾಕು, ಪ್ರೆಶರ್ ವಾಷರ್ ಹಿಡಿದರೆ ಫಿನ್ ಮಡಚಿಹೋಗ್ತದೆ.

ಪ್ರಶ್ನೆ (ಮಲ್ಪೆ): ನಮ್ಮದರಲ್ಲಿ ಕೂಲೆಂಟ್ ತಿಂಗಳು ತಿಂಗಳು ಸ್ವಲ್ಪ ಕಡಿಮೆ ಆಗ್ತದೆ, ಎಸಿಯೂ ತಂಪು ಸಾಲದು. ಬಾವಿ ನೀರು ಸೇರಿಸಬಹುದಾ?

ಉತ್ತರ: ಖಂಡಿತ ಬೇಡ. ಬಾವಿ ನೀರಿನ ಲವಣ ಕರೆಂಟ್ ಹರಿಸ್ತದೆ, ಕೂಲಿಂಗ್ ಪ್ಲೇಟಿನ ಒಳಗೆ ಪದರ ಕಟ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲೆಂಟೇ ಆಗಬೇಕು. ಮಟ್ಟವನ್ನು ಕಾರು ತಣ್ಣಗಿರುವಾಗ ನೋಡಿ. ಹೊರಗೆಲ್ಲೂ ಹನಿ ಕಾಣದೆ ಇಳಿಯುತ್ತಿದ್ದರೆ ಪ್ಯಾಕಿನ ಒಳಗೆ ಸೋರುತ್ತಿರಬಹುದು, ತಡ ಮಾಡದೆ ಪ್ರೆಶರ್ ಟೆಸ್ಟ್ ಮಾಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಇನ್ಸುಲೇಷನ್ ಎಚ್ಚರಿಕೆ (ದೊಡ್ಡ ಬ್ಯಾಟರಿಯ ಕರೆಂಟ್ ಬಾಡಿಗೆ ಸೋರುವ ಸೂಚನೆ) ಬಂದರೆ ಚಾರ್ಜಿಗೆ ಹಾಕಬೇಡಿ. ಮನೆಗೆ ತಾಗಿಸಿ ನಿಲ್ಲಿಸದೆ ಟೋ ಮಾಡಿಸಿ.

ಎಸಿಯ ವಿಷಯ ಪ್ರತ್ಯೇಕ ಅಂತ ಬಿಡಬೇಡಿ. ಹೆಚ್ಚಿನ ಇಂಥ ಕಾರುಗಳಲ್ಲಿ ಬ್ಯಾಟರಿಯನ್ನು ತಂಪು ಮಾಡುವ ಚಿಲ್ಲರ್‌ಗೂ ಅದೇ ಗ್ಯಾಸ್. ತುಂಬಿಸುವಾಗ ಕಂಪ್ರೆಸರಿಗೆ ಪಿಒಇ ಆಯಿಲ್ (ಕರೆಂಟ್ ಹರಿಸದ ಬಗೆ) ಹಾಕ್ತಾರಾ ಅಂತ ಕೇಳಿ. ಪೆಟ್ರೋಲ್ ಕಾರಿನ ಪಿಎಜಿ ಆಯಿಲ್ ಸೇರಿದರೆ ಕಂಪ್ರೆಸರಿನ ಇನ್ಸುಲೇಷನ್ ಬೀಳ್ತದೆ, ಆಮೇಲೆ ಕಾರು ಸ್ಟಾರ್ಟೇ ಆಗದಿರಬಹುದು. ಕೂಲೆಂಟ್ ಬದಲಿಸಿದ ಮೇಲೆ ಗುಳುಗುಳು ಶಬ್ದ ಬಂದರೆ ಗಾಳಿ ಸಿಕ್ಕಿಕೊಂಡಿದೆ. ಸ್ಕ್ಯಾನರಿನಿಂದ ಪಂಪ್ ಓಡಿಸಿ ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿ ತೆಗೆಸಬೇಕು.

ಪ್ರಶ್ನೆ (ಉಡುಪಿ): ಎರಡು ತಿಂಗಳು ದುಬೈಗೆ ಹೋಗ್ಲಿಕ್ಕುಂಟು. ಫುಲ್ ಚಾರ್ಜ್ ಮಾಡಿ ಇಡುವುದಾ?

ಉತ್ತರ: ಬೇಡ. ಫುಲ್ ಚಾರ್ಜ್ ಮತ್ತು ಸೆಕೆ ಎರಡೂ ಸೇರಿದರೆ ಸೆಲ್ ಬೇಗ ಹಳತಾಗ್ತದೆ. ಶೇ. 50-60ರಲ್ಲಿ, ನೆರಳಲ್ಲಿ ಇಡಿ. ಡ್ಯಾಶ್‌ಕ್ಯಾಮ್ ಕಳಚಿ. 12 ವೋಲ್ಟಿನ ನೆಗೆಟಿವ್ ಬಿಚ್ಚಬಹುದಾ ಅಂತ ಕೈಪಿಡಿ ನೋಡಿ. ಬಿಚ್ಚುವುದಾದರೆ ಮೆಕ್ಯಾನಿಕಲ್ ಕೀ ಕೈಯಲ್ಲಿರಲಿ, ಇಲ್ಲದಿದ್ದರೆ ಬಂದ ದಿನ ಬಾಗಿಲು ತೆರೆಯುವುದಿಲ್ಲ.