ಪಡಿತರ ಪಡೆಯುವ ಮನೆಯ ಖರ್ಚನ್ನು ಉಳಿದವರು ಪ್ರಶ್ನಿಸಬಹುದೇ?

ಪ್ರಶ್ನೆ: ಸಿಂಧನೂರಿನ ಕಿರಾಣಿ ಅಂಗಡಿಯವರು

ನಾನು ಸಿಂಧನೂರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಕೂಲಿ ಮಾಡುವವರು. ನಾಟಿ, ಕಳೆ, ಸುಗ್ಗಿಯ ದಿನಗಳಲ್ಲಿ ರೊಕ್ಕ ಎಣಿಸಿ ಕೊಡುತ್ತಾರೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಉದ್ರಿ ಬರೆಸುತ್ತಾರೆ. ಕಳೆದ ವಾರ ನಮ್ಮ ಓಣಿಯ ಒಬ್ಬ ತಾಯಿ ನ್ಯಾಯಬೆಲೆ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಅರ್ಧ ಚೀಲವನ್ನು ಟಂಟಂ (ಮೂರು ಗಾಲಿಯ ಗಾಡಿ) ತಂದಿದ್ದ ವ್ಯಾಪಾರಿಗೆ ತೂಗಿ ಕೊಟ್ಟದ್ದನ್ನು ಕಣ್ಣಾರೆ ಕಂಡೆ. ಅದೇ ಮನೆಯ ಮಗ ಕಂತಿನ ಮೇಲೆ ಹದಿನಾಲ್ಕು ಸಾವಿರದ ಮೊಬೈಲ್ ತೆಗೆದುಕೊಂಡಿದ್ದಾನೆ. ಆ ಮನೆಯ ಉದ್ರಿ ನನ್ನ ವಹಿಯಲ್ಲಿ ಮೂರು ತಿಂಗಳಿಂದ ಹಾಗೆಯೇ ನಿಂತಿದೆ.

ಹಸಿದವರಿಗೆ ಸರ್ಕಾರ ಅನ್ನ ಕೊಡಬಾರದೆಂದು ಹೇಳುವವನು ನಾನಲ್ಲ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದು ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಸಿಗತೊಡಗಿದಾಗ ನನ್ನ ಅಕ್ಕಿ ವ್ಯಾಪಾರ ಕುಸಿಯಿತು. ಆದರೂ ಸಂಜೆ ಹೊತ್ತಿನಲ್ಲಿ ಅರ್ಧ ಕಿಲೋ ಅಕ್ಕಿ ಉದ್ರಿ ಕೇಳಲು ಅಂಗಡಿಯ ಮುಂದೆ ತಡೆತಡೆದು ನಿಲ್ಲುವ ಹೆಣ್ಣುಮಕ್ಕಳು ಕಡಿಮೆಯಾದದ್ದನ್ನು ನೋಡಿ ನನಗೆ ಸಮಾಧಾನವಾಗಿತ್ತು. ಆದರೆ “ಪುಕ್ಕಟೆ ಅಕ್ಕಿ ಬಂದ ಮೇಲೆ ಆಳು ಸಿಗುವುದಿಲ್ಲ, ಇವರಿಗೆ ರೊಕ್ಕದ ಬೆಲೆ ಗೊತ್ತಿಲ್ಲ” ಎಂದು ಕಟ್ಟೆಯ ಮೇಲೆ ಕುಳಿತವರು ಹೇಳುವಾಗ ನನಗೆ ಉತ್ತರ ತೋಚುವುದಿಲ್ಲ. ನೆರವು ಪಡೆಯುವ ಕುಟುಂಬವು ತನ್ನ ಹಣವನ್ನು ಹೇಗೆ ಖರ್ಚು ಮಾಡುತ್ತದೆ ಎಂದು ಕೇಳುವ ಹಕ್ಕು ಉಳಿದವರಿಗೆ ಇದೆಯೇ? ಬಲ್ಲವರು ತಿಳಿಸಬೇಕು.

ಉತ್ತರ: ಮಸ್ಕಿಯಿಂದ, ಹಿಂದೆ ನ್ಯಾಯಬೆಲೆ ಅಂಗಡಿ ನಡೆಸಿದವರು

ಯಜಮಾನರೇ, ಪಡಿತರ ಅಕ್ಕಿಯನ್ನು ಮಾರುವುದೂ ಕೊಳ್ಳುವುದೂ ತಪ್ಪು; ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಾಯಿ ಏಕೆ ಮಾರಿದರು ಎಂಬುದನ್ನೂ ನೋಡಬೇಕಾಗುತ್ತದೆ. ನಮ್ಮದು ರೊಟ್ಟಿಯ ಸೀಮೆ. ಪಡಿತರದಲ್ಲಿ ಹೆಚ್ಚಾಗಿ ಬರುವುದು ಅಕ್ಕಿ, ಆದರೆ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಇರುವುದು ಜೋಳದ ರೊಟ್ಟಿ. ಜೋಳ, ಬೇಳೆ, ಎಣ್ಣೆ, ಗಿರಣಿಯವನಿಗೆ ಬೀಸುವ ಕೂಲಿ ಇವೆಲ್ಲಕ್ಕೂ ಕೈಯಲ್ಲಿ ರೊಕ್ಕ ಬೇಕು. ನನ್ನ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ಒಯ್ದ ಎಷ್ಟೋ ಮನೆಗಳಲ್ಲಿ, ಮಾರಿದ ಅಕ್ಕಿಯು ಮರುದಿನ ಜೋಳದ ಚೀಲವಾಗಿ ಒಳಗೆ ಬಂದದ್ದನ್ನು ನಾನು ಬಲ್ಲೆ.

2023ರ ಜುಲೈನಿಂದ, ತಲೆಗೆ 5 ಕಿಲೋ ಪಡಿತರದ ಮೇಲೆ ಕೊಡಬೇಕಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕುತ್ತಿದ್ದಾಗ ನಮ್ಮೂರಿಗೆ ಟಂಟಂ ಬರುವುದು ಅರ್ಧಕ್ಕರ್ಧ ಇಳಿದಿತ್ತು. 2025ರಲ್ಲಿ ಹಣದ ಬದಲು ಮತ್ತೆ ಅಕ್ಕಿ ಕೊಡತೊಡಗಿದ ಮೇಲೆ ಟಂಟಂಗಳೂ ಹಿಂದಿರುಗಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಆ 5 ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಜನರಿಗೆ ಬೇಕಾದದ್ದನ್ನು ಕೊಟ್ಟರೆ ಅವರೇಕೆ ಮಾರುತ್ತಾರೆ?

ಉತ್ತರ: ಗಂಗಾವತಿಯ ಭತ್ತದ ರೈತ

ಆಳು ಸಿಗುವುದಿಲ್ಲ ಎಂಬ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ನಾವೆಲ್ಲರೂ ಒಟ್ಟಿಗೇ ಸಸಿ ಹಚ್ಚಲು ನಿಲ್ಲುತ್ತೇವೆ. ಆ ಇಪ್ಪತ್ತು ದಿನಗಳಲ್ಲಿ ಆಳುಗಳಿಗೆ ಜಗ್ಗಾಟ ನಡೆಯುವುದು ಅಕ್ಕಿಯಿಂದಲ್ಲ. ಆಮೇಲೆ ಕಳೆಗೆ ಔಷಧಿ ಹೊಡೆಯುತ್ತೇವೆ, ಕೊಯ್ಲಿಗೆ ಯಂತ್ರ ತರಿಸುತ್ತೇವೆ. ಆಗ ಅದೇ ಆಳುಗಳಿಗೆ ಕೆಲಸವಿರುವುದಿಲ್ಲ, ಗುಳೆ ಹೋಗುತ್ತಾರೆ.

ಆದರೆ ನೆರವನ್ನು ಯಾರೂ ಪ್ರಶ್ನಿಸಲೇಬಾರದು ಎಂಬುದನ್ನು ನಾನು ಒಪ್ಪುವುದಿಲ್ಲ. ಬಿಪಿಎಲ್ ಚೀಟಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯದ ಮಿತಿ ಇದೆ, ಸ್ವಂತಕ್ಕೆ ಕಾರು ಇರಬಾರದೆಂಬ ನಿಯಮವಿದೆ. ಆದರೂ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಚೀಟಿ ಇಟ್ಟುಕೊಂಡವರು ನನ್ನ ಬಂಧುಗಳಲ್ಲೇ ಇದ್ದಾರೆ. ಅವರನ್ನು ಕೇಳಬೇಕು. ಕೇಳುವ ಬಗೆಯಲ್ಲೂ ಎಚ್ಚರ ಬೇಕು. 2024ರ ನವೆಂಬರ್‌ನಲ್ಲಿ ಚೀಟಿಗಳ ಪರಿಷ್ಕರಣೆ ನಡೆದಾಗ ಅರ್ಹರ ಚೀಟಿಗಳೂ ರದ್ದಾಗಿ, ಅವನ್ನು ಮತ್ತೆ ಊರ್ಜಿತಗೊಳಿಸಬೇಕಾಯಿತು. ದುಡಿದದ್ದನ್ನೆಲ್ಲ ಕುಡಿದು ಕಳೆಯುವ ಗಂಡಸರ ವಿಷಯದಲ್ಲಿ ನನಗೆ ಕೋಪವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಕೋಪಕ್ಕೆ ಅವರ ಮಕ್ಕಳ ತಟ್ಟೆಯ ಅನ್ನ ಕಡಿಯುವುದು ನನ್ನಿಂದಾಗದು.

ಇನ್ನೊಂದು ಮಾತನ್ನು ರೈತನಾಗಿ ಹೇಳಲೇಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಸಹಕಾರಿ ಸಂಘದಲ್ಲಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, 2018ರಲ್ಲಿ ಸಾಲ ಮನ್ನಾ ಘೋಷಣೆಯಾಯಿತು. ಇವೆಲ್ಲವೂ ನೆರವೇ. ಅದೇ ವರ್ಷ ನಾನು ಮಗಳ ಮದುವೆಗೆ ಏಳು ಲಕ್ಷ ಖರ್ಚು ಮಾಡಿದೆ, “ಇಷ್ಟೇಕೆ?” ಎಂದು ಕಟ್ಟೆಯ ಮೇಲೆ ಕುಳಿತವರಾರೂ ಕೇಳಲಿಲ್ಲ, ಊಟ ಮಾಡಿ ಹರಸಿ ಹೋದರು.

ಉತ್ತರ: ರಾಯಚೂರಿನಿಂದ, ಪ್ರಾಥಮಿಕ ಶಾಲೆಯ ಶಿಕ್ಷಕಿ

ಅಣ್ಣನವರೇ, ನಾನು ದೇವದುರ್ಗ ತಾಲ್ಲೂಕಿನ ಕೂಲಿಕಾರ್ತಿಯ ಮಗಳು. ನನ್ನ ಅವ್ವನಿಗೆ ಓದು ಬರಹ ಬಾರದು. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಲೆಕ್ಕ ಇಡುತ್ತಿದ್ದಳು: ನೆಟ್ಟನೆಯ ಗೆರೆ ಎಂದರೆ ಕೂಲಿಗೆ ಹೋದ ದಿನ, ಅಡ್ಡ ಗೆರೆ ಎಂದರೆ ಅಂಗಡಿಯ ಉದ್ರಿ, ಸುತ್ತು ಎಂದರೆ ಹೆಣ್ಣುಮಕ್ಕಳ ಸಂಘದ ಸಾಲದ ವಾರದ ಕಂತು. ದೀಪಾವಳಿಗೆ ಸುಣ್ಣ ಬಳಿಯುವಾಗ ಆ ಒಂದು ಮೊಳ ಜಾಗವನ್ನು ಮಾತ್ರ ಬಿಡುತ್ತಿದ್ದೆವು. 2023ರ ಬರದಲ್ಲಿ ನೆಟ್ಟನೆಯ ಗೆರೆಗಳು ತಿಂಗಳಿಗೆ ಆರೇಳು ಉಳಿದವು, ಆದರೆ ಸುತ್ತುಗಳು ನಾಲ್ಕಕ್ಕೆ ನಾಲ್ಕೂ ಇದ್ದವು. ಸಂಘದ ಕಂತು ತಪ್ಪಿದರೆ ಉಳಿದ ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಬಂದು ಕೂರುತ್ತಾರೆ. ಅಂಗಡಿಯವರು ಒಂದು ಮಾತು ಅಂದು ಸುಮ್ಮನಾಗುತ್ತಾರೆ. ಆದ್ದರಿಂದ ಅವ್ವ ಮೊದಲು ಸುತ್ತು ಹಾಕುತ್ತಿದ್ದಳು, ಅಡ್ಡ ಗೆರೆಗಳನ್ನು ನಿಲ್ಲಿಸುತ್ತಿದ್ದಳು. ತಮ್ಮ ವಹಿಯಲ್ಲಿ ನಿಂತಿರುವ ಬಾಕಿಯೂ ಬಹುಶಃ ಹೀಗೇ ನಿಂತಿರಬಹುದು. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂದರೆ ಆ ಒತ್ತಡ ಎಂಥದೆಂದು ತಾವೇ ಊಹಿಸಬಹುದು.

ಮೊಬೈಲಿನ ವಿಷಯಕ್ಕೂ ಇದೇ ಮಾತು. ಗುಳೆ ಹೋಗುವ ಹುಡುಗನಿಗೆ ಮೇಸ್ತ್ರಿಯ ಕರೆ ಬರುವುದು ಅದರಲ್ಲಿ, ಕೂಲಿಯ ಹಣ ಬರುವುದು ಅದರಲ್ಲಿ. ಹದಿನಾಲ್ಕು ಸಾವಿರದ್ದು ಬೇಕಿರಲಿಲ್ಲ, ಎಂಟು ಸಾವಿರದ್ದು ಸಾಕಿತ್ತು ಎಂದು ತಾಯಿ ಮಗನಿಗೆ ಹೇಳಬಹುದು, ನಾನೂ ನನ್ನ ತಮ್ಮನಿಗೆ ಹೇಳಿದ್ದೇನೆ. ಆದರೆ ಅದು ಮನೆಯೊಳಗಿನ ಮಾತು. 2013ರ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣುಮಗಳನ್ನೇ ಯಜಮಾನಿ ಎಂದು ಒಪ್ಪಿದೆ. ಹಾಗೆ ಒಪ್ಪಿದ ಮೇಲೆ ಅವಳ ಒಲೆಯ ಲೆಕ್ಕವನ್ನು ಓಣಿಯ ಗಂಡಸರ ಮುಂದೆ ಬಿಚ್ಚಿಡು ಎನ್ನುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ನಮಸ್ಕಾರಗಳು. ಅಕ್ಕಿ ಮಾರಿದ್ದು ಸರಿ ಎಂದು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಆದರೆ ತಂಗಿಯವರ ಬರಹ ಓದಿದ ಮೇಲೆ ರಾತ್ರಿ ಅಂಗಡಿಯ ಬಾಗಿಲು ಎಳೆದುಕೊಂಡು ಐದು ವರ್ಷಗಳ ಉದ್ರಿ ವಹಿಗಳನ್ನು ತೆಗೆದು ಕುಳಿತೆ. ಪೂರ್ತಿ ಮುಳುಗಿದ ಬಾಕಿ ಹನ್ನೊಂದು ಹೆಸರಿನಲ್ಲಿದೆ. ಅವುಗಳಲ್ಲಿ ಕೂಲಿಕಾರರವು ಮೂರು, ಉಳಿದ ಎಂಟು ಸಂಬಳದವರವು ಮತ್ತು ಹೊಲಮನೆ ಇದ್ದವರವು. ಆ ತಾಯಿಯ ಹಾಳೆಯಲ್ಲಿ ಪ್ರತಿ ವರ್ಷ ಸುಗ್ಗಿ ಮುಗಿದ ವಾರದಲ್ಲಿ ಬಾಕಿ ಸೊನ್ನೆಯಾಗಿದೆ. ಈ ಸಲದ ಸುಗ್ಗಿಗೆ ಇನ್ನೂ ಒಂದೂವರೆ ತಿಂಗಳು ಇದೆ. ಅಲ್ಲಿಯವರೆಗೆ ಜೋಳವನ್ನೂ ಉದ್ರಿಯಲ್ಲಿ ಒಯ್ಯಲು ಅವರಿಗೆ ನಾಳೆ ಹೇಳುತ್ತೇನೆ.